ಒಂದು ಗಾಯದಿಂದ ಹುಟ್ಟಿದ ಎರಡನೇ ಕಾಯಿಲೆ: ಮಾಜಿ ಸೈನಿಕರು ಅಂಗವೈಕಲ್ಯ ಪಿಂಚಣಿ ಪರಿಷ್ಕರಣೆ ಕೇಳುವ ಬಗೆ

ಸೇವೆಯಲ್ಲಿದ್ದಾಗ ಬಲಮೊಣಕಾಲಿಗೆ ಪೆಟ್ಟು ಬಿದ್ದು 30% ಅಂಗವೈಕಲ್ಯ ಮಂಜೂರಾಗಿದೆ. ಹದಿನೈದು ವರ್ಷ ಎಡಗಾಲಿನ ಮೇಲೇ ಭಾರ ಹಾಕಿ ನಡೆದದ್ದರಿಂದ ಈಗ ಎಡಮೊಣಕಾಲೂ ಸವೆದಿದೆ, ಸೊಂಟವೂ ಹಿಡಿದುಕೊಂಡಿದೆ. ಅಥವಾ ಸೇವೆಯಿಂದ ಉಲ್ಬಣಗೊಂಡದ್ದು ಎಂದು ಸೇನಾ ಮೆಡಿಕಲ್ ಬೋರ್ಡ್ ಒಪ್ಪಿದ ರಕ್ತದೊತ್ತಡ ಈಗ ಮೂತ್ರಪಿಂಡಕ್ಕೆ ಇಳಿದಿದೆ. ಹೀಗೆ ಒಪ್ಪಿಕೊಂಡ ಕಾಯಿಲೆಯ ಬೆನ್ನಿಗೆ ಬಂದ ಇನ್ನೊಂದು ಕಾಯಿಲೆಗೆ ಪಿಂಚಣಿಯಲ್ಲಿ ಪಾಲು ಕೇಳಬಹುದೇ? ಕೇಳಬಹುದು. ಆದರೆ ಎರಡನ್ನೂ ಜೋಡಿಸುವ ವೈದ್ಯಕೀಯ ಕೊಂಡಿ ಕಾಗದದ ಮೇಲೆ ಇರಬೇಕು, ಅರ್ಜಿ ಸರಿಯಾದ ಬಾಗಿಲಿಗೇ ಹೋಗಬೇಕು. ಬೆಂಗಳೂರಿನಲ್ಲಿ ನೆಲೆಸಿರುವ ಮಾಜಿ ಸೈನಿಕರು ಮತ್ತು ಅವರ ಮನೆಯವರನ್ನು ಮನಸ್ಸಿನಲ್ಲಿಟ್ಟುಕೊಂಡು ಆ ದಾರಿಯನ್ನು ಇಲ್ಲಿ ಹಂತಹಂತವಾಗಿ ಬರೆದಿದ್ದೇವೆ.

ವಾಟ್ಸ್ಆ್ಯಪ್ ಗುಂಪುಗಳಲ್ಲಿ ಓಡಾಡುವ ಸಲಹೆಗಳಲ್ಲಿ ಬಹಳಷ್ಟು ಅಮೆರಿಕದವು. ಅಲ್ಲಿ ಎರಡನೇ ಹಂತದ ಕಾಯಿಲೆಗೆಂದೇ ಪ್ರತ್ಯೇಕ ನಿಯಮವಿದೆ, ಖಾಸಗಿ ವೈದ್ಯರ ಪತ್ರಕ್ಕೂ ಬೇರೆಯದೇ ತೂಕವಿದೆ. ನಮ್ಮಲ್ಲಿ ತೀರ್ಮಾನ ಮಾಡುವುದು ಸೇನಾ ಮೆಡಿಕಲ್ ಬೋರ್ಡ್. ಆದ್ದರಿಂದ ಅಲ್ಲಿನ ನಮೂನೆಗಳನ್ನು ನಕಲು ಮಾಡಿ ಸಮಯ ಕಳೆಯಬೇಡಿ.

ಇನ್ನೊಂದು ಗಡಿಯನ್ನೂ ಮೊದಲೇ ಹೇಳಬೇಕು. 2023ರ ಸೆಪ್ಟೆಂಬರ್ 21ರಿಂದ ಹೊಸ ಅರ್ಹತಾ ನಿಯಮಗಳು ಜಾರಿಯಲ್ಲಿವೆ. ಆ ನಂತರ ಅವಧಿ ಮುಗಿಸಿ ನಿವೃತ್ತರಾದವರಿಗೆ ‘ಇಂಪೇರ್‌ಮೆಂಟ್ ರಿಲೀಫ್’ ಎಂಬ ಬೇರೆ ವ್ಯವಸ್ಥೆ ಬಂದಿದೆ. ಕೆಳಗಿನ ಲೆಕ್ಕಾಚಾರ ಅದಕ್ಕಿಂತ ಮೊದಲು ಸೇವೆ ಬಿಟ್ಟವರಿಗೆ ಅನ್ವಯ. ಕಾಗದ ಕೂಡಿಸುವ, ಕೊಂಡಿ ತೋರಿಸುವ ಕೆಲಸ ಮಾತ್ರ ಇಬ್ಬರಿಗೂ ಒಂದೇ.

ಹಂತ 1: ನಿಮ್ಮ ಬಾಗಿಲು ಯಾವುದು?

ಪಿಪಿಒ (ಪಿಂಚಣಿ ಪಾವತಿ ಆದೇಶ) ಮತ್ತು ಬಿಡುಗಡೆಯ ಹೊತ್ತಿನ ಮೆಡಿಕಲ್ ಬೋರ್ಡಿನ ನಡಾವಳಿಯನ್ನು ಎದುರಿಗಿಟ್ಟುಕೊಳ್ಳಿ. ಆ ನಡಾವಳಿಯ ನಮೂನೆ ಎಎಫ್‌ಎಂಎಸ್‌ಎಫ್-16. ಅದರಲ್ಲಿ ಪ್ರತಿ ಕಾಯಿಲೆಯ ಎದುರು ಅದು ಸೇವೆಯಿಂದ ಉಂಟಾದದ್ದೋ, ಸೇವೆಯಿಂದ ಉಲ್ಬಣಗೊಂಡದ್ದೋ, ಎರಡೂ ಅಲ್ಲವೋ ಎಂದು ಬರೆದಿರುತ್ತಾರೆ. ಮೊದಲೆರಡರಲ್ಲಿ ಯಾವುದಿದ್ದರೂ ಹಣದಲ್ಲಿ ವ್ಯತ್ಯಾಸವಿಲ್ಲ. ಮೂರನೆಯದು, ಅಂದರೆ ‘ಎನ್‌ಎಎನ್‌ಎ’ ಎಂದು ಬರೆದಿದ್ದರೆ ಆ ಕಾಯಿಲೆಗೆ ಪಿಂಚಣಿ ಇಲ್ಲ.

ಈಗ ನಿಮ್ಮ ಸ್ಥಿತಿ ಇವುಗಳಲ್ಲಿ ಯಾವುದು ನೋಡಿ.

ಎರಡನೇ ಕಾಯಿಲೆ ಬಿಡುಗಡೆಯ ಹೊತ್ತಿಗೇ ಇತ್ತು, ಬೋರ್ಡ್ ಅದನ್ನು ಎನ್‌ಎಎನ್‌ಎ ಎಂದಿತು: ಇದು ಮೇಲ್ಮನವಿಯ ದಾರಿ. ಹೊಸ ಅರ್ಜಿ ಹಾಕಿದರೆ ‘ಆಗಲೇ ತೀರ್ಮಾನವಾಗಿದೆ’ ಎಂಬ ಒಂದು ಸಾಲಿನ ಉತ್ತರ ಬರುತ್ತದೆ.

ಮೊದಲ ಕಾಯಿಲೆಗೆ ಪಿಂಚಣಿ ಬರುತ್ತಿದೆ, ಅದೇ ಕಾಯಿಲೆ ಬೆಳೆದು ಇನ್ನೊಂದು ಅಂಗಕ್ಕೆ ತಗುಲಿದೆ: ಇದು ಮರುಮೌಲ್ಯಮಾಪನದ ದಾರಿ. ರಕ್ಷಣಾ ಸಚಿವಾಲಯದ 2001ರ ಜನವರಿ 31ರ ಆದೇಶದ ಪ್ರಕಾರ, ಶಾಶ್ವತ ಸ್ವರೂಪದ ಅಂಗವೈಕಲ್ಯಕ್ಕೆ ಬೋರ್ಡ್ ಕೊಟ್ಟ ಶೇಕಡಾವಾರು ಜೀವನಪರ್ಯಂತ ಅಂತಿಮ. ಆದರೆ ಪಿಂಚಣಿದಾರರೇ ಕೇಳಿಕೊಂಡರೆ ಪುನರ್‌ಪರಿಶೀಲನೆಗೆ ಅವಕಾಶವಿದೆ. ಅಂದರೆ ಬೋರ್ಡಿನ ಕರೆ ತಾನಾಗಿ ಬರುವುದಿಲ್ಲ. ನೀವೇ ಕೇಳಬೇಕು.

ಬಿಡುಗಡೆಯಾದಾಗ ಕಾಯಿಲೆ ಕಾಣಿಸಿರಲಿಲ್ಲ, ಆಮೇಲೆ ಬಂತು: 2008ರ ಅರ್ಹತಾ ನಿಯಮಗಳು ಇದಕ್ಕೆ 7 ವರ್ಷದ ಅವಧಿ ಕೊಡುತ್ತವೆ. ಸೇವೆಯ ಪರಿಸ್ಥಿತಿಯಿಂದ ದೇಹದಲ್ಲಿ ಆಗಲೇ ಶುರುವಾಗಿದ್ದ ವಿಕಾರವೇ ತಡವಾಗಿ ಹೊರಗೆ ಬಂದಿದೆ ಎಂದು ಸಮರ್ಥ ವೈದ್ಯಾಧಿಕಾರಿ ಒಪ್ಪಬೇಕು. ಕಾಯಿಲೆ ಶುರುವಾದ ದಿನಾಂಕ ಇಲ್ಲಿ ಬಹಳ ಮುಖ್ಯ. ಏಳನೇ ವರ್ಷದಲ್ಲಿ ತೋರಿಸಿಕೊಂಡ ಒಂದು ಹಳೆಯ ಒಪಿಡಿ ಚೀಟಿಯೇ ಇಡೀ ಅರ್ಜಿಯನ್ನು ಉಳಿಸಬಲ್ಲದು.

ಮೊದಲ ಕಾಯಿಲೆಯೇ ತಿರಸ್ಕೃತವಾಗಿದೆ: ಹಾಗಿದ್ದರೆ ಎರಡನೆಯದನ್ನು ಬದಿಗಿಡಿ. ಬುಡವೇ ಒಪ್ಪಿಗೆಯಾಗದೆ ಕೊಂಬೆಗೆ ಏನೂ ಸಿಗುವುದಿಲ್ಲ. ಮೊದಲನೆಯದರ ಮೇಲ್ಮನವಿ ಗೆದ್ದ ಮೇಲೆ ಮುಂದಿನದು.

ಹಂತ 2: ಶ್ರಮಪಡುವ ಮುನ್ನ ಲೆಕ್ಕ ಹಾಕಿ

ಇದನ್ನು ಮಾಡದೆ ಬೋರ್ಡಿಗೆ ಹೋಗಿ, ಶೇಕಡಾವಾರು ಹೆಚ್ಚಿದರೂ ಒಂದು ರೂಪಾಯಿ ಏರದೆ ನಿರಾಶರಾಗುವವರು ಬಹಳ ಜನ. ಕಾರಣ ‘ಬ್ರಾಡ್ ಬ್ಯಾಂಡಿಂಗ್’. 2001ರ ಅದೇ ಆದೇಶದ ಪ್ರಕಾರ 50ಕ್ಕಿಂತ ಕಡಿಮೆ ಇದ್ದದ್ದನ್ನು 50 ಎಂದು, 50ರಿಂದ 75ರವರೆಗಿನದನ್ನು 75 ಎಂದು, 76ರಿಂದ 100ರವರೆಗಿನದನ್ನು 100 ಎಂದು ಎಣಿಸುತ್ತಾರೆ. ಮೊದಲು ಇದು ಬೋರ್ಡ್ ಔಟ್ ಆದವರಿಗಷ್ಟೇ, ಅಂದರೆ ಅಂಗವೈಕಲ್ಯದ ಕಾರಣಕ್ಕೇ ಸೇವೆಯಿಂದ ಬಿಡುಗಡೆಯಾದವರಿಗಷ್ಟೇ ಇತ್ತು. 2014ರ ಡಿಸೆಂಬರ್ 10ರಂದು ರಾಮ್ ಅವತಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅವಧಿ ಮುಗಿಸಿ ನಿವೃತ್ತರಾದವರಿಗೂ ಇದು ಸಲ್ಲುತ್ತದೆ ಎಂದಿತು.

ಕೊನೆಯ ಪರಿಗಣಿತ ವೇತನ 45,200 ರೂಪಾಯಿ ಎಂದಿಟ್ಟುಕೊಳ್ಳಿ. 100% ಅಂಗವೈಕಲ್ಯಕ್ಕೆ ಅಂಗವೈಕಲ್ಯದ ಭಾಗ ಇದರ 30%, ಅಂದರೆ 13,560. ನಿಮಗೆ 30% ಇದ್ದರೆ ಅದು 50 ಆಗಿ, 6,780 ಬರುತ್ತದೆ. ಎರಡನೇ ಕಾಯಿಲೆ ಸೇರಿ ಬೋರ್ಡ್ 40% ಎಂದರೂ ಅದೇ 50, ಅದೇ 6,780. ಒಟ್ಟು 50% ಎಂದು ಬರೆದರೆ ಮಾತ್ರ ಅದು 75 ಆಗಿ 10,170ಕ್ಕೆ ಏರುತ್ತದೆ. 75 ದಾಟಿದರೆ ಪೂರ್ತಿ 13,560. ಇದರ ಮೇಲೆ ತುಟ್ಟಿಭತ್ಯೆ ಬೇರೆ. ಆದ್ದರಿಂದ ನಿಮ್ಮ ಪ್ರಶ್ನೆ ‘ಎಷ್ಟು ಹೆಚ್ಚಾಗುತ್ತದೆ’ ಎಂಬುದಲ್ಲ, ‘50 ಅಥವಾ 76ರ ಗೆರೆ ಮುಟ್ಟುತ್ತದೆಯೇ’ ಎಂಬುದು.

ಬಿಡುಗಡೆಯ ಹೊತ್ತಿಗೆ 20%ಕ್ಕಿಂತ ಕಡಿಮೆ ಎಂದು ಬರೆಸಿಕೊಂಡು ಸಾಮಾನ್ಯ ನಿವೃತ್ತಿ ಪಡೆದವರಿಗೆ ಅಂಗವೈಕಲ್ಯದ ಭಾಗವೇ ಇಲ್ಲ. ಬ್ರಾಡ್ ಬ್ಯಾಂಡಿಂಗ್ ಕೂಡ ಇಲ್ಲ. 2019ರ ಡಿಸೆಂಬರ್‌ನಲ್ಲಿ ವಿಂಗ್ ಕಮಾಂಡರ್ ಎಸ್.ಪಿ. ರಾಥೋರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿದೆ. ಇಂಥವರಿಗೆ ಎರಡನೇ ಕಾಯಿಲೆ ಸೇರಿ 20 ಮುಟ್ಟುವುದೇ ಮೊದಲ ಗುರಿ.

ಕೂಡಿಸುವ ರೀತಿಯೂ ನೇರವಲ್ಲ. 30 ಮತ್ತು 20 ಸೇರಿ 50 ಆಗುತ್ತದೆ ಎಂದು ನಂಬಿ ಹೋಗಬೇಡಿ. ಬೋರ್ಡ್ ಒಟ್ಟಾರೆ ದೇಹದ ಕಾರ್ಯಶಕ್ತಿ ಎಷ್ಟು ಕುಗ್ಗಿದೆ ಎಂದು ನೋಡಿ ಸಂಯುಕ್ತ ಶೇಕಡಾವಾರು ಕೊಡುತ್ತದೆ, ಅದು ಸಾಮಾನ್ಯವಾಗಿ ಬಿಡಿ ಮೊತ್ತಕ್ಕಿಂತ ಕಡಿಮೆ. ಅದಾದ ಮೇಲೆ ಎನ್‌ಎಎನ್‌ಎ ಆದ ಕಾಯಿಲೆಯ ಪಾಲನ್ನು ಬಿಟ್ಟು ‘ಪಿಂಚಣಿಗೆ ಅರ್ಹವಾದ ನಿವ್ವಳ’ ಎಂಬ ಅಂಕಣ ತುಂಬುತ್ತಾರೆ. ಹಣ ತೀರ್ಮಾನವಾಗುವುದು ಆ ನಿವ್ವಳದ ಅಂಕಣದಿಂದ.

ಮರುಮೌಲ್ಯಮಾಪನದಲ್ಲಿ ಅಪಾಯವೂ ಇದೆ. ಬೋರ್ಡ್ ನಿಮ್ಮನ್ನು ಹೊಸದಾಗಿಯೇ ಅಳೆಯುತ್ತದೆ. ಮೊದಲ ಗಾಯ ಶಸ್ತ್ರಚಿಕಿತ್ಸೆಯಿಂದ ಸುಧಾರಿಸಿದ್ದರೆ ಶೇಕಡಾವಾರು ಇಳಿಯಲೂಬಹುದು. ಈಗ 50–75ರ ಪಟ್ಟಿಯಲ್ಲಿ ಅಂಚಿನಲ್ಲಿದ್ದು, ಎರಡನೇ ಕಾಯಿಲೆಯ ದಾಖಲೆ ದುರ್ಬಲವಾಗಿದ್ದರೆ, ದಾಖಲೆ ಗಟ್ಟಿಯಾಗುವವರೆಗೆ ಕಾಯುವುದೇ ಜಾಣತನ ಎಂಬುದು ನಮ್ಮ ಅಭಿಪ್ರಾಯ.

ಹಂತ 3: ಕಾಗದ ಕೂಡಿಸುವುದು

ಬೇಕಾದವು ಇವು: ಡಿಸ್ಚಾರ್ಜ್ ಬುಕ್, ಮೂಲ ಪಿಪಿಒ ಮತ್ತು ನಂತರದ ಎಲ್ಲ ತಿದ್ದುಪಡಿ ಪಿಪಿಒಗಳು, ಎಎಫ್‌ಎಂಎಸ್‌ಎಫ್-16, ಸೇವೆಯ ನಡುವೆ ವೈದ್ಯಕೀಯ ಕೆಟಗರಿ ಇಳಿಸಿದಾಗಿನ ಎಎಫ್‌ಎಂಎಸ್‌ಎಫ್-15ರ ಎಲ್ಲ ಪ್ರತಿಗಳು, ಗಾಯವಾಗಿದ್ದರೆ ಗಾಯದ ವರದಿ, ಅಂದರೆ ಐಎಎಫ್‌ವೈ-2006, ಮತ್ತು ಕೋರ್ಟ್ ಆಫ್ ಇನ್‌ಕ್ವೈರಿ ನಡೆದಿದ್ದರೆ ಅದರ ನಡಾವಳಿ, ಸೇನಾ ಆಸ್ಪತ್ರೆಗಳ ಡಿಸ್ಚಾರ್ಜ್ ಸಮ್ಮರಿಗಳು, ಎಲ್ಲೆಲ್ಲಿ ಎಷ್ಟು ಕಾಲ ಪೋಸ್ಟಿಂಗ್ ಇತ್ತು ಎಂಬ ವಿವರ, ನಿವೃತ್ತಿಯ ನಂತರದ ಇಸಿಎಚ್‌ಎಸ್ (ಮಾಜಿ ಸೈನಿಕರ ಆರೋಗ್ಯ ಯೋಜನೆ) ಚೀಟಿ, ರೆಫರಲ್, ಲ್ಯಾಬ್ ವರದಿ.

ಇಸಿಎಚ್‌ಎಸ್ 2003ರ ಏಪ್ರಿಲ್‌ನಲ್ಲಿ ಶುರುವಾಯಿತು. ಅಲ್ಲಿಂದೀಚೆಗೆ ಪಾಲಿಕ್ಲಿನಿಕ್‌ನಲ್ಲಿ ಮಾತ್ರೆ ತೆಗೆದುಕೊಂಡವರ ಕೈಯಲ್ಲಿ ದಾಖಲೆಯ ನಿಧಿಯೇ ಇರುತ್ತದೆ, ಆದರೆ ಹೆಚ್ಚಿನವರು ಮಾತ್ರೆ ಇಟ್ಟುಕೊಂಡು ಚೀಟಿ ಎಸೆಯುತ್ತಾರೆ. ಇವತ್ತಿನಿಂದಲೇ ಒಂದು ಫೈಲ್ ಮಾಡಿ. ಪ್ರತಿ ಭೇಟಿಯಲ್ಲೂ ವೈದ್ಯರಿಗೆ ಮೊದಲ ಕಾಯಿಲೆಯನ್ನು ನೆನಪಿಸಿ, ಚೀಟಿಯಲ್ಲಿ ಅದನ್ನು ಬರೆಯಲು ಕೇಳಿಕೊಳ್ಳಿ. ‘ಸೊಂಟನೋವು’ ಎಂದಷ್ಟೇ ಬರೆದ ಹತ್ತು ಚೀಟಿಗಳಿಗಿಂತ ‘ಬಲಮೊಣಕಾಲಿನ ಹಳೆಯ ಗಾಯ, ಕುಂಟು ನಡಿಗೆ, ಸೊಂಟನೋವು’ ಎಂದು ಬರೆದ ಒಂದು ಚೀಟಿಗೆ ಬೆಲೆ ಹೆಚ್ಚು.

ಬೋರ್ಡಿನ ಪ್ರತಿ ಕೈಯಲ್ಲಿಲ್ಲದಿದ್ದರೆ ಮೊದಲು ನಿಮ್ಮ ಸೇವಾ ದಾಖಲೆಗಳಿರುವ ರೆಕಾರ್ಡ್ ಆಫೀಸಿಗೆ ಸರಳ ಪತ್ರ ಬರೆಯಿರಿ. ಉತ್ತರ ಬರದಿದ್ದರೆ ಆರ್‌ಟಿಐ. ಆನ್‌ಲೈನ್ ಪೋರ್ಟಲ್‌ನಲ್ಲಿ ಭಾರತೀಯ ಸೇನೆಯನ್ನು ಆರಿಸಿ, 10 ರೂಪಾಯಿ ಶುಲ್ಕ ಕಟ್ಟಿ. ಸೇನಾ ಸಂಖ್ಯೆ, ಹುದ್ದೆ, ಹೆಸರು, ಬೋರ್ಡ್ ನಡೆದ ಆಸ್ಪತ್ರೆ, ತಿಂಗಳು ಮತ್ತು ವರ್ಷ ಬರೆದು, ಯಾವ ಕಾಗದ ಎಂದು ನಮೂನೆಯ ಹೆಸರಿನೊಂದಿಗೆ ಕೇಳಿ. ‘ನನ್ನ ಎಲ್ಲ ವೈದ್ಯಕೀಯ ದಾಖಲೆ ಕೊಡಿ’ ಎಂದು ಬರೆದರೆ ಅಸ್ಪಷ್ಟ ಎಂದು ವಾಪಸ್ ಬರುತ್ತದೆ. 30 ದಿನದಲ್ಲಿ ಉತ್ತರ ಬರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಿ. ದಾಖಲೆ ನಾಶಪಡಿಸಲಾಗಿದೆ ಎಂಬ ಉತ್ತರ ಬಂದರೆ, ಯಾವ ಆದೇಶದಡಿ, ಯಾವ ದಿನ ಎಂದು ಕೇಳಿ ಆ ಉತ್ತರವನ್ನೂ ಫೈಲಿಗೆ ಸೇರಿಸಿ. ಮುಂದೆ ನ್ಯಾಯಮಂಡಳಿಯಲ್ಲಿ ಅದು ನಿಮ್ಮ ಪರವಾಗಿ ನಿಲ್ಲುವ ಕಾಗದ.

ರೆಕಾರ್ಡ್ ಆಫೀಸ್ ಯಾವುದು ಎಂಬುದು ನಿಮ್ಮ ರೆಜಿಮೆಂಟಿನ ಮೇಲೆ ನಿಂತಿದೆ, ನೀವು ವಾಸವಿರುವ ಊರಿನ ಮೇಲಲ್ಲ. ಎಂಇಜಿ, ಎಎಸ್‌ಸಿ, ಸಿಎಂಪಿ, ಪಯೋನಿಯರ್ ದಳದವರಿಗೆ ಬೆಂಗಳೂರಿನಲ್ಲೇ ಇದೆ. ಮರಾಠಾ ಲೈಟ್ ಇನ್‌ಫೆಂಟ್ರಿಯವರು ಬೆಳಗಾವಿಗೆ, ಮದ್ರಾಸ್ ರೆಜಿಮೆಂಟಿನವರು ವೆಲ್ಲಿಂಗ್ಟನ್‌ಗೆ, ಇಎಂಇಯವರು ಸಿಕಂದರಾಬಾದಿಗೆ, ಸಿಗ್ನಲ್ಸ್‌ನವರು ಜಬಲ್ಪುರಕ್ಕೆ, ಆರ್ಟಿಲರಿಯವರು ನಾಸಿಕ್ ರೋಡ್ ಕ್ಯಾಂಪಿಗೆ ಬರೆಯಬೇಕು. ನೌಕಾಪಡೆಯ ನಾವಿಕರ ದಾಖಲೆ ಮುಂಬೈಯಲ್ಲಿ, ವಾಯುಪಡೆಯದು ದೆಹಲಿಯ ಸುಬ್ರೋತೋ ಪಾರ್ಕ್‌ನಲ್ಲಿ.

ಹಂತ 4: ಕೊಂಡಿಯನ್ನು ಪರೀಕ್ಷೆಗಳಿಂದ ತೋರಿಸುವುದು

ಅರ್ಜಿ ನಿಲ್ಲುವುದೂ ಬೀಳುವುದೂ ಇಲ್ಲೇ. ‘ಮೊದಲು ಅದು ಬಂತು, ಆಮೇಲೆ ಇದು ಬಂತು’ ಎಂಬುದು ಕೊಂಡಿಯಲ್ಲ, ಬರೀ ಕಾಲಕ್ರಮ. ಮೊದಲನೆಯದು ದೇಹದಲ್ಲಿ ಯಾವ ರೀತಿಯಲ್ಲಿ ಎರಡನೆಯದನ್ನು ಹುಟ್ಟಿಸಿತು ಎಂಬುದನ್ನು ವರದಿ ಹೇಳಬೇಕು, ಬೇರೆ ಕಾರಣಗಳನ್ನು ಏಕೆ ತಳ್ಳಿಹಾಕಬಹುದು ಎಂಬುದನ್ನೂ ಹೇಳಬೇಕು. ಎರಡನೇ ಅರ್ಧವನ್ನು ಬಹುತೇಕ ಎಲ್ಲರೂ ಮರೆಯುತ್ತಾರೆ. ಬೋರ್ಡ್ ಮಾತ್ರ ಮೊದಲು ನೋಡುವುದು ಅದನ್ನೇ.

ಸಕ್ಕರೆ ಕಾಯಿಲೆಯಿಂದ ಮೂತ್ರಪಿಂಡ: ಒಂದು ಸಲದ ಕ್ರಿಯಾಟಿನಿನ್ ವರದಿ ಸಾಲದು. ದೀರ್ಘಕಾಲದ ಮೂತ್ರಪಿಂಡ ಕಾಯಿಲೆ ಎನ್ನಬೇಕಾದರೆ ಇಜಿಎಫ್‌ಆರ್ (ಮೂತ್ರಪಿಂಡ ರಕ್ತ ಸೋಸುವ ಶಕ್ತಿಯ ಅಳತೆ) 60ಕ್ಕಿಂತ ಕೆಳಗೆ ಅಥವಾ ಮೂತ್ರದ ಆಲ್ಬುಮಿನ್–ಕ್ರಿಯಾಟಿನಿನ್ ಪ್ರಮಾಣ ಗ್ರಾಂ ಕ್ರಿಯಾಟಿನಿನ್‌ಗೆ 30 ಮಿಲಿಗ್ರಾಂ ಅಥವಾ ಅದಕ್ಕಿಂತ ಮೇಲೆ ಮೂರು ತಿಂಗಳಿಗೂ ಹೆಚ್ಚು ಕಾಲ ಇರಬೇಕು. ಆದ್ದರಿಂದ ಮೂರು ತಿಂಗಳ ಅಂತರದಲ್ಲಿ ಎರಡು ಸಲ ಪರೀಕ್ಷೆ ಮಾಡಿಸಿ. ಜೊತೆಗೆ ಕಣ್ಣಿನ ಹಿಂಭಾಗದ, ಅಂದರೆ ಫಂಡಸ್ ಪರೀಕ್ಷೆ. ರೆಟಿನಾದಲ್ಲೂ ಸಕ್ಕರೆಯ ಹಾನಿ ಕಂಡರೆ ಮೂತ್ರಪಿಂಡದ ಹಾನಿಯೂ ಅದರಿಂದಲೇ ಎಂಬ ವಾದಕ್ಕೆ ದೊಡ್ಡ ಬಲ. ಅಲ್ಟ್ರಾಸೌಂಡ್‌ನಲ್ಲಿ ಕಲ್ಲು ಅಥವಾ ಮೂತ್ರದ ಅಡಚಣೆ ಇಲ್ಲ ಎಂದು ಬಂದರೆ ಬೇರೆ ಕಾರಣಗಳೂ ಹೋದವು.

ಸಕ್ಕರೆಯಿಂದ ಕಾಲಿನ ಜುಮುಜುಮು, ಉರಿ: ನರ್ವ್ ಕಂಡಕ್ಷನ್ ಪರೀಕ್ಷೆಯೂ 10 ಗ್ರಾಂ ಮೋನೋಫಿಲಮೆಂಟ್ ಪರೀಕ್ಷೆಯೂ ಬೇಕು. ಇದರ ಜೊತೆಗೆ ವಿಟಮಿನ್ ಬಿ12 ಮಟ್ಟ ನೋಡಿಸಲೇಬೇಕು. ಮೆಟ್‌ಫಾರ್ಮಿನ್ ಮಾತ್ರೆಯನ್ನು ವರ್ಷಗಟ್ಟಲೆ ತೆಗೆದುಕೊಂಡವರಲ್ಲಿ ಬಿ12 ಇಳಿಯುತ್ತದೆ, ಅದರಿಂದಲೂ ಇದೇ ಲಕ್ಷಣ ಬರುತ್ತದೆ. ಆ ಸಂಖ್ಯೆ ಫೈಲಿನಲ್ಲಿಲ್ಲದಿದ್ದರೆ ಬೋರ್ಡಿಗೆ ಸಂಶಯ ಉಳಿಯುತ್ತದೆ. ಕೊರತೆ ಕಂಡರೆ ಚಿಕಿತ್ಸೆಯೂ ಸುಲಭ, ಪಿಂಚಣಿಗಿಂತ ಅದು ಮುಖ್ಯ.

ರಕ್ತದೊತ್ತಡದಿಂದ ಹೃದಯ, ಮೂತ್ರಪಿಂಡ, ಪಾರ್ಶ್ವವಾಯು: ಇಸಿಜಿ ಅಥವಾ ಎಕೋದಲ್ಲಿ ಎಡ ಹೃತ್ಕುಕ್ಷಿಯ ಗೋಡೆ ದಪ್ಪವಾಗಿರುವುದು ಹಲವು ವರ್ಷ ಒತ್ತಡ ಮೇಲಿದ್ದುದಕ್ಕೆ ಸಾಕ್ಷಿ. ಹಳೆಯ ಬಿಪಿ ದಾಖಲೆಗಳನ್ನು ವರ್ಷವಾರು ಒಂದು ಪುಟದಲ್ಲಿ ಬರೆದಿಡಿ. ಸೇವೆಯಲ್ಲಿರುವಾಗಲೇ ಹೃದಯಾಘಾತವಾಗಿ ಅದು ತಿರಸ್ಕೃತವಾಗಿದ್ದರೆ, ಆಘಾತಕ್ಕೆ ಮುಂಚಿನ 14 ದಿನಗಳಲ್ಲಿ ಮಾಡಿದ ಕರ್ತವ್ಯದ ವಿವರ ಹುಡುಕಿ. ವೈದ್ಯಾಧಿಕಾರಿಗಳ ಕೈಪಿಡಿಯೇ ಅದನ್ನು ನೋಡಬೇಕೆನ್ನುತ್ತದೆ.

ಮೊಣಕಾಲು, ಪಾದ, ಕಾಲು ಕತ್ತರಿಸಿದವರು: ನಡಿಗೆ ಓರೆಯಾದರೆ ಭಾರ ಇನ್ನೊಂದು ಕಾಲಿಗೂ ಸೊಂಟಕ್ಕೂ ಬೀಳುತ್ತದೆ. ನಿಂತುಕೊಂಡು ತೆಗೆದ, ಎರಡೂ ಮೊಣಕಾಲು ಒಟ್ಟಿಗಿರುವ ಎಕ್ಸ್‌ರೇ ಬೇಕು. ಮಲಗಿಸಿ ತೆಗೆದ ಎಕ್ಸ್‌ರೇಯಲ್ಲಿ ಕೀಲಿನ ಅಂತರ ಕಿರಿದಾಗಿರುವುದು ಸರಿಯಾಗಿ ಕಾಣುವುದಿಲ್ಲ. ಎರಡು ಕಾಲುಗಳ ಉದ್ದದ ವ್ಯತ್ಯಾಸವನ್ನು ಸೆಂಟಿಮೀಟರ್‌ನಲ್ಲಿ, ತೊಡೆಯ ಸುತ್ತಳತೆಯ ವ್ಯತ್ಯಾಸವನ್ನೂ ಬರೆಸಿ. ಗಾಯವಾದ ಕಾಲಿನ ಸ್ನಾಯು ಸೊರಗಿದೆ ಎಂದರೆ ಆ ಕಾಲನ್ನು ಬಳಸುತ್ತಿಲ್ಲ ಎಂಬುದಕ್ಕೆ ಬೇರೆ ಪುರಾವೆ ಬೇಡ. ಬೋರ್ಡ್ ಇಲ್ಲಿ ಹೇಳುವ ಪ್ರತಿವಾದ ‘ವಯೋಸಹಜ ಸವೆತ’. ಎರಡೂ ಕಡೆ ಒಂದೇ ರೀತಿ ಸವೆದಿದ್ದರೆ ಆ ಮಾತು ಗೆಲ್ಲುತ್ತದೆ. ಭಾರ ಬಿದ್ದ ಕಡೆ ಸವೆತ ಸ್ಪಷ್ಟವಾಗಿ ಹೆಚ್ಚಿದ್ದರೆ ನಿಮ್ಮ ಮಾತು.

ಮದ್ದಿನಿಂದಲೇ ಬಂದ ತೊಂದರೆ: ನೋವಿನ ಮಾತ್ರೆಗಳನ್ನು ದೀರ್ಘಕಾಲ ನುಂಗಿದರೆ ಹೊಟ್ಟೆಹುಣ್ಣು ಮತ್ತು ಮೂತ್ರಪಿಂಡದ ಹಾನಿ, ಸ್ಟೀರಾಯ್ಡ್‌ನಿಂದ ಸೊಂಟದ ಕೀಲಿನ ಮೂಳೆ ಸಾಯುವುದು ಮತ್ತು ಸಕ್ಕರೆ ಏರುವುದು, ಇವೆಲ್ಲ ವೈದ್ಯಶಾಸ್ತ್ರದಲ್ಲಿ ಒಪ್ಪಿತ ಸಂಗತಿಗಳು. ಇಲ್ಲಿ ಬೇಕಾದದ್ದು ಯಾವ ಮಾತ್ರೆ, ಎಷ್ಟು ಮಿಲಿಗ್ರಾಂ, ಎಷ್ಟು ವರ್ಷ, ಬರೆದುಕೊಟ್ಟವರು ಯಾರು ಎಂಬ ಪಟ್ಟಿ. ಮೆಡಿಕಲ್ ಶಾಪಿನಲ್ಲಿ ನೀವೇ ಕೊಂಡು ನುಂಗಿದ್ದಾದರೆ ಈ ಕೊಂಡಿ ಕಟ್ಟುವುದು ಕಷ್ಟ.

ಮನಸ್ಸು: ವರ್ಷಗಟ್ಟಲೆ ನೋವು, ಅಂಗಹಾನಿ, ನಿದ್ರೆಗೇಡು ಇರುವವರಲ್ಲಿ ಖಿನ್ನತೆ ಬರುವುದು ಸಾಮಾನ್ಯ. ನಮ್ಮ ಮನೆಗಳಲ್ಲಿ ಇದನ್ನು ಬಾಯಿಬಿಟ್ಟು ಹೇಳುವುದೇ ಇಲ್ಲ, ಹಾಗಾಗಿ ದಾಖಲೆಯೂ ಇರುವುದಿಲ್ಲ. ಕಮಾಂಡ್ ಹಾಸ್ಪಿಟಲ್‌ನ ಮನೋವೈದ್ಯರನ್ನೋ ಹೊಸೂರು ರಸ್ತೆಯ ನಿಮ್ಹಾನ್ಸ್ ಅನ್ನೋ ಕಾಣಿ, ಚಿಕಿತ್ಸೆ ಬಿಡದೆ ಮುಂದುವರಿಸಿ. ತಕ್ಷಣ ಯಾರೊಡನೆಯಾದರೂ ಮಾತಾಡಬೇಕೆನಿಸಿದರೆ ಟೆಲಿ ಮಾನಸ್ ಸಂಖ್ಯೆ 14416ಕ್ಕೆ ಕನ್ನಡದಲ್ಲೇ ಕರೆ ಮಾಡಬಹುದು.

ಕೊಂಡಿ ಉದ್ದವಾದಷ್ಟೂ ದುರ್ಬಲವಾಗುತ್ತದೆ. ‘ಮೊಣಕಾಲು ನೋವು, ಅದರಿಂದ ಓಡಾಟವಿಲ್ಲ, ಅದರಿಂದ ತೂಕ, ತೂಕದಿಂದ ಗೊರಕೆಯ ಕಾಯಿಲೆ’ ಎಂಬಂಥ ನಾಲ್ಕು ಹೆಜ್ಜೆಯ ವಾದ ಬೋರ್ಡಿನಲ್ಲಿ ನಿಲ್ಲುವುದು ಅಪರೂಪ. ಮದ್ಯ, ತಂಬಾಕಿನ ಅತಿಬಳಕೆಯಿಂದ ಬಂದದ್ದಕ್ಕೆ ಪರಿಹಾರವಿಲ್ಲ ಎಂದು ನಿಯಮವೇ ಹೇಳುತ್ತದೆ. ಚೀಟಿಗಳಲ್ಲಿ ಆ ಉಲ್ಲೇಖವಿದ್ದರೆ ಮುಚ್ಚಿಡಬೇಡಿ. ಬಿಟ್ಟು ಎಷ್ಟು ವರ್ಷವಾಯಿತು ಎಂದು ವೈದ್ಯರಿಂದ ಬರೆಸಿ.

ಹಂತ 5: ತಜ್ಞರ ಅಭಿಪ್ರಾಯ ಪತ್ರ

ಖಾಸಗಿ ವೈದ್ಯರ ಪತ್ರ ಬೋರ್ಡನ್ನು ಕಟ್ಟಿಹಾಕುವುದಿಲ್ಲ. ಆದರೂ ಅದು ಇದ್ದರೆ ಬೋರ್ಡ್ ಅದಕ್ಕೆ ಕಾರಣ ಕೊಟ್ಟು ಉತ್ತರಿಸಬೇಕಾಗುತ್ತದೆ. ಉತ್ತರಿಸದಿದ್ದರೆ ಅದೇ ಮೇಲ್ಮನವಿಯ ಅಂಶ. ಸಾಧ್ಯವಾದರೆ ಪಾಲಿಕ್ಲಿನಿಕ್‌ನಿಂದ ರೆಫರಲ್ ಪಡೆದು ಹಳೆ ವಿಮಾನ ನಿಲ್ದಾಣ ರಸ್ತೆಯ ಕಮಾಂಡ್ ಹಾಸ್ಪಿಟಲ್ ಏರ್ ಫೋರ್ಸ್‌ನ ತಜ್ಞರಿಂದಲೇ ಅಭಿಪ್ರಾಯ ಬರೆಸಿಕೊಳ್ಳಿ, ಅದರ ತೂಕವೇ ಬೇರೆ.

ಪತ್ರದಲ್ಲಿ ಇರಬೇಕಾದದ್ದು: ಹಳೆಯ ಬೋರ್ಡಿನ ಕಾಗದಗಳನ್ನು ನೋಡಿದ್ದೇನೆ ಎಂಬ ಮಾತು, ಎರಡೂ ಕಾಯಿಲೆಗಳ ಪೂರ್ಣ ಹೆಸರು ಮತ್ತು ಪತ್ತೆಯಾದ ತಿಂಗಳು–ವರ್ಷ, ಒಂದರಿಂದ ಇನ್ನೊಂದು ಹೇಗೆ ಬಂತು ಎಂಬುದಕ್ಕೆ ಮೂರು ನಾಲ್ಕು ವಾಕ್ಯ, ಬೇರೆ ಕಾರಣಗಳನ್ನು ಯಾವ ಪರೀಕ್ಷೆಯಿಂದ ತಳ್ಳಿಹಾಕಿದೆ, ಈಗ ಏನೇನು ಮಾಡಲಾಗುವುದಿಲ್ಲ, ಸಹಿ, ವಿದ್ಯಾರ್ಹತೆ, ನೋಂದಣಿ ಸಂಖ್ಯೆ, ದಿನಾಂಕ. ‘ಇರಬಹುದು’, ‘ತಳ್ಳಿಹಾಕಲಾಗದು’ ಎಂಬಂಥ ಪದಗಳು ಪತ್ರವನ್ನು ಕೆಡಿಸುತ್ತವೆ. ‘ಇದೇ ಹೆಚ್ಚು ಸಂಭಾವ್ಯ ಕಾರಣ’ ಎಂದು ಬರೆಯಲು ವೈದ್ಯರಿಗೆ ಮನಸ್ಸಾಕ್ಷಿಯಾಗಿ ಸಾಧ್ಯವೇ ಎಂದು ಕೇಳಿ. ಸಾಧ್ಯವಿಲ್ಲ ಎಂದರೆ ಅವರ ಕಾರಣ ಕೇಳಿಕೊಳ್ಳಿ, ಬೋರ್ಡೂ ಅದನ್ನೇ ಹೇಳಲಿದೆ. ಶೇಕಡಾವಾರು ಬರೆಸಬೇಡಿ, ಅದು ಬೋರ್ಡಿನ ಕೆಲಸ.

ಹಂತ 6: ಅರ್ಜಿ

ಅರ್ಜಿ ರೆಕಾರ್ಡ್ ಆಫೀಸಿಗೆ ಹೋಗಬೇಕು. ಸ್ಪರ್ಶ್ ಪೋರ್ಟಲ್‌ನಲ್ಲಿ ದೂರು ದಾಖಲಿಸಿ ಕಾಯುತ್ತಾ ಕೂರುವವರಿದ್ದಾರೆ. ಅದು ಮಂಜೂರಾದ ಪಿಂಚಣಿ ಕೊಡುವ ವ್ಯವಸ್ಥೆ, ಕಾಯಿಲೆಯ ಅರ್ಹತೆ ಅಲ್ಲಿ ತೀರ್ಮಾನವಾಗುವುದಿಲ್ಲ. ಇಂಗ್ಲಿಷ್ ಅಥವಾ ಹಿಂದಿಯಲ್ಲಿ, ಎರಡು ಪುಟ ಮೀರದಂತೆ ಬರೆಯಿರಿ. ಮೊದಲ ಪ್ಯಾರಾದಲ್ಲಿ ಸೇವಾ ವಿವರ ಮತ್ತು ಪಿಪಿಒ ಸಂಖ್ಯೆ. ಎರಡನೆಯದರಲ್ಲಿ ಒಪ್ಪಿಕೊಂಡ ಕಾಯಿಲೆ, ಶೇಕಡಾವಾರು, ಬೋರ್ಡಿನ ದಿನಾಂಕ. ಮೂರನೆಯದರಲ್ಲಿ ಹೊಸ ಕಾಯಿಲೆ ಮತ್ತು ಅದರ ಕೊಂಡಿ, ಪ್ರತಿ ಮಾತಿಗೂ ಲಗತ್ತಿನ ಸಂಖ್ಯೆ. ಕೊನೆಯಲ್ಲಿ ಕೋರಿಕೆ ನೇರವಾಗಿರಲಿ: ಮರುಮೌಲ್ಯಮಾಪನ ಮೆಡಿಕಲ್ ಬೋರ್ಡ್ ನಡೆಸಿ, ಈ ಕಾಯಿಲೆಯನ್ನೂ ಸೇರಿಸಿ ಸಂಯುಕ್ತ ಶೇಕಡಾವಾರು ನಿಗದಿಪಡಿಸಬೇಕು. ‘ಪಿಂಚಣಿ ಹೆಚ್ಚಿಸಿ’ ಎಂದಷ್ಟೇ ಬರೆದ ಅರ್ಜಿಗೆ ಯಾವ ವಿಭಾಗವೂ ಉತ್ತರಿಸುವುದಿಲ್ಲ.

ಲಗತ್ತುಗಳಿಗೆ ಪುಟಸಂಖ್ಯೆ ಹಾಕಿ, ಮೇಲೊಂದು ವಿಷಯಪಟ್ಟಿ ಇಡಿ, ಸ್ವಯಂ ದೃಢೀಕರಿಸಿದ ನಕಲುಗಳನ್ನಷ್ಟೇ ಕಳಿಸಿ. ಮೂಲ ಕಾಗದ ಯಾವ ಕಾರಣಕ್ಕೂ ಅಂಚೆಗೆ ಹಾಕಬೇಡಿ. ಸ್ಪೀಡ್ ಪೋಸ್ಟ್ ರಸೀದಿ ಮತ್ತು ತಲುಪಿದ ದಾಖಲೆ ಜೋಪಾನ, ಮುಂದಿನ ಗಡುವುಗಳೆಲ್ಲ ಆ ದಿನಾಂಕಗಳಿಂದಲೇ ಎಣಿಕೆಯಾಗುತ್ತವೆ. ಬರೆಯಲು ನೆರವು ಬೇಕಿದ್ದರೆ ಫೀಲ್ಡ್ ಮಾರ್ಷಲ್ ಕಾರ್ಯಪ್ಪ ರಸ್ತೆಯಲ್ಲಿರುವ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಗೆ ಹೋಗಿ. ದಳ್ಳಾಳಿಗಳಿಗೆ ಪಾಲು ಕೊಡುವ ಒಪ್ಪಂದ ಮಾಡಿಕೊಳ್ಳಬೇಡಿ.

ಹಂತ 7: ಬೋರ್ಡಿನ ದಿನ

ಮೂಲ ಕಾಗದ, ಎಕ್ಸ್‌ರೇ ಮತ್ತು ಎಂಆರ್‌ಐ ಫಿಲಂಗಳು, ಈಗ ನುಂಗುತ್ತಿರುವ ಮಾತ್ರೆಗಳ ಪಟ್ಟಿ ಜೊತೆಗಿರಲಿ. ಊರುಗೋಲು, ಬೆಲ್ಟ್, ಹಿಯರಿಂಗ್ ಏಡ್ ದಿನವೂ ಬಳಸುವವರಾದರೆ ಅವತ್ತೂ ಬಳಸಿ. ಸೈನಿಕರಿಗೆ ಒಂದು ರೂಢಿಯಿದೆ: ವೈದ್ಯರು ‘ಹೇಗಿದ್ದೀರಿ’ ಎಂದ ಕೂಡಲೇ ಎದೆಯುಬ್ಬಿಸಿ ‘ಚೆನ್ನಾಗಿದ್ದೇನೆ ಸರ್’ ಎನ್ನುವುದು. ಅದು ಹಾಗೇ ನಡಾವಳಿಗೆ ಇಳಿಯುತ್ತದೆ. ಎಷ್ಟು ದೂರ ನಡೆದರೆ ನಿಲ್ಲಬೇಕಾಗುತ್ತದೆ, ಎಷ್ಟು ಮೆಟ್ಟಿಲು ಹತ್ತಬಲ್ಲಿರಿ, ನೆಲದ ಮೇಲೆ ಕೂತು ಏಳಬಲ್ಲಿರಾ, ರಾತ್ರಿ ಎಷ್ಟು ಸಲ ಏಳುತ್ತೀರಿ ಎಂಬುದನ್ನು ಅಳತೆಯಲ್ಲಿ ಹೇಳಿ. ಹೆಚ್ಚು ಮಾಡಿ ಹೇಳುವುದೂ ಬೇಡ. ಕೀಲು ಎಷ್ಟು ಬಾಗುತ್ತದೆ ಎಂಬುದನ್ನು ಉಪಕರಣದಿಂದ ಅಳೆಯುತ್ತಾರೆ, ಮಾತನ್ನೂ ಪರೀಕ್ಷೆಯನ್ನೂ ಹೋಲಿಸಿ ನೋಡುತ್ತಾರೆ.

ನಡಾವಳಿಯ ಪ್ರತಿ ಕೇಳಿ ಪಡೆಯಿರಿ. ‘ಸೇವೆಗೆ ಸಂಬಂಧವಿಲ್ಲ’ ಎಂದಿದ್ದರೆ ಅದರ ಎದುರು ಕಾರಣ ಬರೆದಿದ್ದಾರೆಯೇ ನೋಡಿ.

ಹಂತ 8: ತಿರಸ್ಕೃತವಾದರೆ

ಆದೇಶ ಕೈಸೇರಿದ 6 ತಿಂಗಳೊಳಗೆ ಮೊದಲ ಮೇಲ್ಮನವಿ ಸಮಿತಿಗೆ, ಅಂದರೆ ಎಸಿಎಫ್‌ಎಗೆ ಬರೆಯಬೇಕು. ಅಲ್ಲೂ ಆಗದಿದ್ದರೆ ಮತ್ತೆ 6 ತಿಂಗಳೊಳಗೆ ಎರಡನೇ ಸಮಿತಿ, ಎಸ್‌ಎಸಿಪಿ. ತಡವಾಗಿದ್ದರೆ ಕಾರಣವನ್ನು ಪುರಾವೆ ಸಮೇತ ಬರೆದೇ ಕಳಿಸಿ, ಸುಮ್ಮನಾಗಬೇಡಿ.

ಮೇಲ್ಮನವಿಯ ಜೀವಾಳ 2013ರ ಜುಲೈ 2ರ ಧರ್ಮವೀರ್ ಸಿಂಗ್ ತೀರ್ಪು. ಸೇನೆಗೆ ಸೇರುವಾಗ ಕಾಯಿಲೆಯ ಟಿಪ್ಪಣಿ ಇಲ್ಲದಿದ್ದರೆ ಆಗ ಆರೋಗ್ಯವಾಗಿದ್ದರು ಎಂದೇ ಭಾವಿಸಬೇಕು, ಸಂಬಂಧವಿಲ್ಲ ಎಂದು ಸಾಬೀತುಪಡಿಸುವ ಹೊಣೆ ಸರ್ಕಾರದ್ದು, ಬೋರ್ಡ್ ಕಾರಣ ಬರೆಯಬೇಕು, ಸಂಶಯದ ಲಾಭ ಸೈನಿಕನಿಗೆ ಎಂದು ಸುಪ್ರೀಂ ಕೋರ್ಟ್ ಹೇಳಿತು. ಆದರೆ ಅದನ್ನು ಎಲ್ಲ ಕಾಯಿಲೆಗೂ ಬೀಗದ ಕೈ ಎಂದು ತಿಳಿಯಬೇಡಿ. 2019ರ ನರಸಿಂಗ್ ಯಾದವ್ ತೀರ್ಪಿನಲ್ಲಿ, ನೇಮಕಾತಿಯಲ್ಲಿ ಪತ್ತೆಯಾಗದೆ ಹೋಗಬಹುದಾದ ಮಾನಸಿಕ ಕಾಯಿಲೆಗಳ ವಿಷಯದಲ್ಲಿ ಬೋರ್ಡಿನ ಅಭಿಪ್ರಾಯಕ್ಕೆ ಅದೇ ನ್ಯಾಯಾಲಯ ತೂಕ ಕೊಟ್ಟಿದೆ. ತೀರ್ಪಿನ ಹೆಸರನ್ನಷ್ಟೇ ಬರೆದರೆ ಸಾಲದು, ನಿಮ್ಮ ನಡಾವಳಿಯ ಯಾವ ಅಂಕಣದಲ್ಲಿ ಕಾರಣ ಬರೆದಿಲ್ಲ ಎಂದು ಬೊಟ್ಟುಮಾಡಿ ತೋರಿಸಿ.

ನಂತರದ್ದು ಸಶಸ್ತ್ರ ಪಡೆಗಳ ನ್ಯಾಯಮಂಡಳಿ. ಕರ್ನಾಟಕ ಬರುವುದು ಕೊಚ್ಚಿ ಪೀಠದ ವ್ಯಾಪ್ತಿಗೆ. ಹತ್ತಿರವೆಂದು ಚೆನ್ನೈಗೆ ಹೋಗಬೇಡಿ. ಅಂತಿಮ ಆದೇಶದಿಂದ 6 ತಿಂಗಳ ಗಡುವು. ಮೇಲ್ಮನವಿ ಹಾಕಿ 6 ತಿಂಗಳಾದರೂ ಉತ್ತರವೇ ಬರದಿದ್ದರೆ ಅನಂತರದ 6 ತಿಂಗಳಲ್ಲಿ ನೇರವಾಗಿ ಹೋಗಬಹುದು. ಬಹಳ ವರ್ಷ ತಡವಾದರೂ ಪಿಂಚಣಿಯ ಹಕ್ಕು ಪೂರ್ತಿ ಸಾಯುವುದಿಲ್ಲ. ತಿಂಗಳು ತಿಂಗಳೂ ಮುಂದುವರಿಯುವ ಅನ್ಯಾಯ ಎಂದು 2008ರ ತರ್ಸೇಮ್ ಸಿಂಗ್ ತೀರ್ಪು ಹೇಳಿದೆ. ಆದರೆ ಬಾಕಿಯನ್ನು ಸಾಮಾನ್ಯವಾಗಿ ಅರ್ಜಿಗೆ ಹಿಂದಿನ 3 ವರ್ಷಕ್ಕೆ ಸೀಮಿತಗೊಳಿಸುತ್ತಾರೆ. ತಡಮಾಡಿದ ಪ್ರತಿ ತಿಂಗಳೂ ಅಷ್ಟು ಹಣ ಹೋದಂತೆ. ವಕೀಲರ ಖರ್ಚು ಭರಿಸಲಾಗದವರು ಎಚ್. ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿರುವ ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರವನ್ನು ವಿಚಾರಿಸಿ.

ಗೆದ್ದ ಮೇಲೆ ತಿದ್ದುಪಡಿ ಪಿಪಿಒ ಬರುತ್ತದೆ. ಶೇಕಡಾವಾರು, ಬ್ರಾಡ್ ಬ್ಯಾಂಡ್ ಆದ ಸಂಖ್ಯೆ, ಜಾರಿಯ ದಿನಾಂಕ ಮೂರನ್ನೂ ನೋಡಿ. 100% ಆಗಿ, ಸದಾ ಒಬ್ಬರ ನೆರವು ಬೇಕೆಂದು ಬೋರ್ಡ್ ಶಿಫಾರಸು ಮಾಡಿದ್ದರೆ ನಿರಂತರ ಪರಿಚಾರಕ ಭತ್ಯೆಯೂ ಇದೆ. 2017ರಲ್ಲಿ ಅದನ್ನು ತಿಂಗಳಿಗೆ 6,750 ರೂಪಾಯಿಗೆ ಏರಿಸಲಾಯಿತು. ಬೋರ್ಡಿನಲ್ಲಿ ಕೇಳದಿದ್ದರೆ ಅದು ಬಿಟ್ಟುಹೋಗುತ್ತದೆ.

ಮನೆಯವರಿಗೆ

ಎರಡನೇ ಕಾಯಿಲೆಯಿಂದಲೇ ಸೈನಿಕರು ತೀರಿಕೊಂಡರೆ ಪ್ರಶ್ನೆ ಅಲ್ಲಿಗೆ ಮುಗಿಯುವುದಿಲ್ಲ. ಸಾಮಾನ್ಯ ಕುಟುಂಬ ಪಿಂಚಣಿ ಕೊನೆಯ ವೇತನದ 30%, ಸಾವು ಸೇವೆಗೆ ಸಂಬಂಧಿಸಿದ್ದು ಎಂದಾದರೆ ವಿಶೇಷ ಕುಟುಂಬ ಪಿಂಚಣಿ 60%. ಅಂಗವೈಕಲ್ಯ ಪಿಂಚಣಿ ಪಡೆಯುತ್ತಿದ್ದವರು ಸೇವೆ ಬಿಟ್ಟ 7 ವರ್ಷದೊಳಗೆ ಮನೆಯಲ್ಲೇ ತೀರಿಕೊಂಡು, ಸಾವಿಗೆ ಆ ಕಾಯಿಲೆಯೇ ಕಾರಣವೆಂದು ಖಚಿತವಾಗಿ ಹೇಳಲಾಗದಿದ್ದರೂ ಸಂಶಯದ ಲಾಭ ಕುಟುಂಬಕ್ಕೆ ಎಂದು 2008ರ ನಿಯಮಗಳು ಹೇಳುತ್ತವೆ.

ಪಾಲಿಕೆ ಕೊಡುವ ಮರಣ ಪ್ರಮಾಣಪತ್ರದಲ್ಲಿ ಸಾವಿನ ಕಾರಣ ಇರುವುದಿಲ್ಲ. ಆಸ್ಪತ್ರೆ ಬರೆಯುವ ಮರಣ ಕಾರಣದ ವೈದ್ಯಕೀಯ ಪ್ರಮಾಣಪತ್ರ, ಅಂದರೆ ನಮೂನೆ 4, ಬೇಕು. ಅದರ ಮೊದಲ ಭಾಗದಲ್ಲಿ ತಕ್ಷಣದ ಕಾರಣ, ಅದರ ಕೆಳಗೆ ಅದಕ್ಕೆ ಕಾರಣವಾದದ್ದು, ಅದರ ಕೆಳಗೆ ಮೂಲ ಕಾಯಿಲೆ ಎಂದು ಸಾಲುಗಳಿವೆ. ‘ಹೃದಯ ಮತ್ತು ಶ್ವಾಸ ಸ್ತಂಭನ’ ಎಂದಷ್ಟೇ ಬರೆದುಬಿಟ್ಟರೆ ವರ್ಷಗಳ ಕೊಂಡಿ ಒಂದು ಸಾಲಿನಲ್ಲಿ ಕಡಿದುಹೋಗುತ್ತದೆ. ದುಃಖದ ಆ ಹೊತ್ತಿನಲ್ಲಿ ಇದನ್ನು ನೋಡಲು ಮನೆಯವರಿಗೆ ಸಾಧ್ಯವಾಗುವುದಿಲ್ಲ. ಸಂಬಂಧಿಕರಲ್ಲೋ ಜೊತೆಗಿದ್ದ ಮಾಜಿ ಸೈನಿಕರಲ್ಲೋ ಒಬ್ಬರು ಹಳೆಯ ಫೈಲ್ ಹಿಡಿದು ವೈದ್ಯರ ಬಳಿ ಹೋಗಿ, ಮೂಲ ಕಾಯಿಲೆಯನ್ನು ಕೆಳಗಿನ ಸಾಲಿನಲ್ಲಿ ದಾಖಲಿಸಲು ಕೇಳಿಕೊಂಡು, ಪ್ರತಿ ಪಡೆದೇ ಆಸ್ಪತ್ರೆಯಿಂದ ಹೊರಡಬೇಕು.